ಇಂಗ್ಲಿಷರ ಮಂಗಳೂರಿನಲ್ಲಿ ಗೋವಾದ ಬಿಷಪ್ಪರ ಅಧಿಕಾರ ಉಳಿದದ್ದು ಹೇಗೆ?

ಪ್ರಶ್ನೆ: 1799ರಲ್ಲಿ ಮಂಗಳೂರು ಇಂಗ್ಲಿಷರ ವಶವಾದ ಮೇಲೂ ಅಲ್ಲಿನ ಇಗರ್ಜಿಗಳು ಹಲವು ದಶಕ ಗೋವಾದ ಆರ್ಚ್‌ಬಿಷಪ್ಪರ ಅಧೀನದಲ್ಲಿಯೇ ಇದ್ದವೆಂದು ಓದಿದೆ. ಒಂದು ಸಾಮ್ರಾಜ್ಯದ ನೆಲದಲ್ಲಿ ಇನ್ನೊಂದು ಸಾಮ್ರಾಜ್ಯದ ಧರ್ಮಾಧ್ಯಕ್ಷರ ಮಾತು ನಡೆದದ್ದು ಹೇಗೆ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಇದರ ಮೂಲವಿರುವುದು ಪದ್ರುವಾದೊ ಎಂಬ ವ್ಯವಸ್ಥೆಯಲ್ಲಿ. ಪೂರ್ವದೇಶಗಳಲ್ಲಿ ಇಗರ್ಜಿ ಕಟ್ಟಿಸುವ, ಪಾದ್ರಿಗಳನ್ನು ಕಳುಹಿಸುವ, ಅವರ ಖರ್ಚು ಭರಿಸುವ ಹೊಣೆಯನ್ನು ಪೋರ್ಚುಗಲ್ಲಿನ ರಾಜ ಹೊತ್ತನು. ಪ್ರತಿಯಾಗಿ ಬಿಷಪ್ಪರ ಹೆಸರನ್ನು ಸೂಚಿಸುವ ಹಕ್ಕನ್ನು ಪೋಪರಿಂದ ಪಡೆದನು. ಗೋವಾ 1534ರಲ್ಲಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಅಧಿಕಾರಕ್ಕೊಳಪಟ್ಟ ಪ್ರದೇಶ) ಆದಾಗ ಅದು ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿರುವ ಫುಂಚಾಲ್‌ಗೆ ಅಧೀನವಾಗಿತ್ತು ಎಂದರೆ ಇಂದು ನಂಬುವುದು ಕಷ್ಟ! 1558ರಲ್ಲಿ ಅದೇ ಆರ್ಚ್‌ಬಿಷಪ್ಪರ ಪೀಠವಿರುವ ಮಹಾಧರ್ಮಪ್ರಾಂತ್ಯವಾಗಿ, ಕೊಚ್ಚಿ ಮತ್ತು ಮಲಾಕ್ಕ ಅದರ ಕೆಳಗೆ ಬಂದವು. ಈ ಗಡಿಗಳನ್ನು ಹಾಕಿಕೊಟ್ಟದ್ದು ಪೋಪರ ಪತ್ರ. ಕೋಟೆಯ ಮೇಲೆ ಯಾರ ಬಾವುಟ ಹಾರುತ್ತದೆ ಎಂಬುದರಿಂದ ಅವು ಬದಲಾಗುತ್ತಿರಲಿಲ್ಲ.

ಉತ್ತರ 2: ಮೇಲಿನ ಮಾತು ಸರಿ, ಆದರೆ ರೋಮ್ ಕೈಕಟ್ಟಿ ಕುಳಿತಿರಲಿಲ್ಲ. 1622ರಲ್ಲಿ ಪ್ರೊಪಗಾಂಡಾ ಎಂಬ ಧರ್ಮಪ್ರಸಾರ ಮಂಡಳಿಯನ್ನು ಸ್ಥಾಪಿಸಿ, ರಾಜನ ಒಪ್ಪಿಗೆಗೆ ಕಾಯದೆ ತನ್ನದೇ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. 1838ರಲ್ಲಿ ಪೋಪರು ಪದ್ರುವಾದೊ ಅಧಿಕಾರವನ್ನು ಬಹಳಷ್ಟು ಮೊಟಕುಗೊಳಿಸಿದಾಗ, ರಾಜನ ಸಮ್ಮತಿಯಿಲ್ಲದ ಆಜ್ಞೆ ಊರ್ಜಿತವಲ್ಲವೆಂದು ಗೋವಾದ ಕಡೆಯವರು ವಾದಿಸಿದರು. ಹೀಗಾಗಿ ಮಂಗಳೂರಿನ ಕ್ರೈಸ್ತರಲ್ಲಿ ಕೆಲವರು ಗೋವಾಕ್ಕೆ, ಕೆಲವರು ರೋಮ್ ಕಳುಹಿಸಿದ ಕಾರ್ಮೆಲಿತರೆಂಬ ಸಂನ್ಯಾಸಿ ಪಂಗಡದ ಪಾದ್ರಿಗಳಿಗೆ ನಿಷ್ಠರಾದರು. 1878ರಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ಬಂದರು. 1886ರಲ್ಲಿ ಮಂಗಳೂರು ಸ್ವತಂತ್ರ ಧರ್ಮಪ್ರಾಂತ್ಯವಾಯಿತು.

ಉತ್ತರ 3: ಬಾವುಟಕ್ಕೆ ಬೆಲೆಯೇ ಇರಲಿಲ್ಲವೆಂಬಂತೆ ಮೊದಲ ಉತ್ತರ ಧ್ವನಿಸುತ್ತದೆ, ಅದನ್ನು ನಾನು ಒಪ್ಪಲಾರೆ. ಮುಂಬಯಿಯಲ್ಲಿ ಇಂಗ್ಲಿಷರು ಪೋರ್ಚುಗೀಸ್ ಫ್ರಾನ್ಸಿಸ್ಕನ್ ಪಾದ್ರಿಗಳ ರಾಜನಿಷ್ಠೆಯನ್ನು ಶಂಕಿಸಿ 1720ರಲ್ಲಿ ಅವರನ್ನು ಹೊರಗಟ್ಟಿ ಕಾರ್ಮೆಲಿತರನ್ನು ಕರೆತಂದರು. 1794ರಲ್ಲಿ ಇಗರ್ಜಿಗಳನ್ನು ಗೋವಾ ಮತ್ತು ರೋಮ್ ಕಡೆಯ ಎರಡು ಪಕ್ಷಗಳ ನಡುವೆ ಹಂಚಿದರು. ಅಲ್ಲಿನ ಆರ್ಚ್‌ಬಿಷಪ್ ಪೀಠಕ್ಕೆ ಒಮ್ಮೆ ಪೋರ್ಚುಗೀಸರು, ಒಮ್ಮೆ ಬ್ರಿಟಿಷರು ಬರಬೇಕೆಂದು 1928ರಲ್ಲಿ ಒಪ್ಪಂದವೂ ಆಯಿತು. ಭಾರತದ ಬಿಷಪ್ಪರ ನೇಮಕದಲ್ಲಿದ್ದ ಹಕ್ಕನ್ನು ಪೋರ್ಚುಗಲ್ 1950ರಲ್ಲಿ ಬಿಟ್ಟುಕೊಟ್ಟರೂ, ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದ 1953ರವರೆಗೆ ಉತ್ತರ ಕನ್ನಡದ ಇಗರ್ಜಿಗಳು ಪೋರ್ಚುಗೀಸ್ ನೆಲದಲ್ಲಿದ್ದ ಗೋವಾ ಪೀಠಕ್ಕೇ ಸೇರಿದ್ದವು.