ಲೇಟೆಕ್: ಅಧ್ಯಾಯದ ಚಿತ್ರಗಳೆಲ್ಲ ಕೊನೆಗೆ ಹೋಗಿ ಗುಡ್ಡೆ ಬೀಳುತ್ತಿವೆ

ಕಲೀನಾ ಕಡೆಯವಳು:
ಕೊಂಕಣ ರೈಲ್ವೆ ಮತ್ತು ಮುಂಬೈ ಕನ್ನಡಿಗರ ವಲಸೆ ಕುರಿತ ಪ್ರಬಂಧವನ್ನು ಝೀಲೇಟೆಕ್‌ನಲ್ಲಿ (ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಒಂದು ರೂಪ) ಜೋಡಿಸುತ್ತಿದ್ದೇನೆ. ಎ4 ಹಾಳೆ, ಮೇಲೆ ಕೆಳಗೆ 3 ಸೆಂ.ಮೀ. ಅಂಚು, ರಿಪೋರ್ಟ್ ಕ್ಲಾಸ್, ಲೈನ್‌ಸ್ಪ್ರೆಡ್ 1.4. ಮೂರನೇ ಅಧ್ಯಾಯದಲ್ಲಿ 9 ಚಿತ್ರಗಳಿವೆ. ಮೊದಲೆರಡು ಸರಿಯಾಗಿ ಕೂತಿವೆ. ಮೂರನೆಯದು ರೋಹಾದಿಂದ ತೋಕೂರಿನವರೆಗಿನ ಮಾರ್ಗದ ನಕ್ಷೆ, 16 ಸೆಂ.ಮೀ. ಎತ್ತರ, ಅಡಿಬರಹ ಮೂರು ಸಾಲು. ಅಲ್ಲಿಂದ ಮುಂದಿನ ಒಂದು ಚಿತ್ರವೂ ತನ್ನ ಜಾಗದಲ್ಲಿಲ್ಲ, ಎಲ್ಲ ಅಧ್ಯಾಯದ ಕೊನೆಗೆ ಸಾಲಾಗಿ ಬರುತ್ತವೆ. ಎಲ್ಲದಕ್ಕೂ ಚೌಕ ಕಂಸದಲ್ಲಿ ಎಚ್ ಅಂತಲೇ ಕೊಟ್ಟಿದ್ದೇನೆ. ಕೋಷ್ಟಕಗಳಲ್ಲೊಂದು ಎರಡು ಪುಟಕ್ಕಿಂತ ಉದ್ದವಿದ್ದು ಪುಟದ ಕೆಳಗೆ ಕತ್ತರಿಸಿ ಹೋಗುತ್ತಿದೆ. ಏನು ಮಾಡಬೇಕು?

ಅಚ್ಚುಮೊಳೆ, ಪುಣೆ:
ತಡೆ ಆ ನಕ್ಷೆಯದ್ದೇ. ಉಳಿದ ಆರು ಚಿತ್ರಗಳು ಅದರ ಹಿಂದೆ ಕಾಯುತ್ತಿವೆ.

(ಕಮಾಂಡ್‌ಗಳನ್ನು ಉಚ್ಚಾರದ ಪ್ರಕಾರ ಬರೆಯುತ್ತೇನೆ. ಫೈಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಿನಲ್ಲೇ ಟೈಪ್ ಮಾಡಿ.)

ಲೆಕ್ಕ ನೋಡಿ. 29.7ರಲ್ಲಿ ಅಂಚು 6 ಕಳೆದರೆ ಪಠ್ಯದ ಎತ್ತರ 23.7 ಸೆಂ.ಮೀ. ನಕ್ಷೆ 16, ಅಡಿಬರಹ ಮತ್ತು ನಡುವಿನ ಜಾಗ ಸೇರಿ ಸುಮಾರು 18. ಎಚ್ ಅಂದರೆ ‘ಜಾಗವಿದ್ದರೆ ಇಲ್ಲಿ’ ಅಂತ ಮಾತ್ರ. ಪುಟದ ಮೇಲ್ಭಾಗದಲ್ಲಿ ಐದಾರು ಸೆಂ.ಮೀ. ಪಠ್ಯ ದಾಟಿದ್ದರೆ ನಕ್ಷೆ ಅಲ್ಲಿ ಹಿಡಿಸುವುದಿಲ್ಲ. ಆಗ ಲೇಟೆಕ್ ತಾನೇ ಎಚ್ ಅನ್ನು ಎಚ್-ಟಿ (ಟಿ ಅಂದರೆ ಪುಟದ ತಲೆ) ಮಾಡಿಕೊಂಡು ಮುಂದಿನ ಪುಟದ ತಲೆಯಲ್ಲಿ ಕೂರಿಸಲು ನೋಡುತ್ತದೆ. ಲಾಗ್ ಫೈಲಿನಲ್ಲಿ ಈ ಎಚ್ಚರಿಕೆ ಇದ್ದೇ ಇರುತ್ತದೆ. ಆದರೆ ತಲೆಯಲ್ಲಿ ಚಿತ್ರಗಳಿಗೆ ಸಿಗುವ ಗರಿಷ್ಠ ಪಾಲು ಟಾಪ್‌ಫ್ರ್ಯಾಕ್ಷನ್, ಅದರ ಮೂಲ ಬೆಲೆ 0.7. ಅಂದರೆ 16.6 ಸೆಂ.ಮೀ. ನಿಮ್ಮ ನಕ್ಷೆ 18. ಯಾವ ಪುಟದ ತಲೆಯಲ್ಲೂ ಅದಕ್ಕೆ ಜಾಗವಿಲ್ಲ.

ಒಂದೇ ಜಾತಿಯ ಫ್ಲೋಟ್‌ಗಳ (ಜಾಗ ನೋಡಿ ಲೇಟೆಕ್ ತೇಲಿಸಿ ಕೂರಿಸುವ ಚಿತ್ರ, ಕೋಷ್ಟಕಗಳ) ಕ್ರಮವನ್ನು ಲೇಟೆಕ್ ತಪ್ಪಿಸುವುದಿಲ್ಲ, ಚಿತ್ರ 3.4 ಎಷ್ಟೇ ಚಿಕ್ಕದಿರಲಿ 3.3 ಕೂರುವ ತನಕ ಕಾಯಲೇಬೇಕು. ಕೊನೆಗೆ ಮುಂದಿನ ಅಧ್ಯಾಯ ಶುರುವಾದಾಗ ಕ್ಲಿಯರ್‌ಪೇಜ್ ತಾನಾಗಿ ಓಡಿ, ಬಾಕಿ ಇದ್ದದ್ದನ್ನೆಲ್ಲ ಹೊರಗೆ ಸುರಿಯುತ್ತದೆ. ನಿಮಗೆ ಕಾಣುತ್ತಿರುವ ಗುಡ್ಡೆ ಅದೇ.

ಪರಿಹಾರ ಒಂದಕ್ಷರದ್ದು. ನಕ್ಷೆಗೆ ಬರೀ ಪಿ ಕೊಡಿ, ಅದು ಪಠ್ಯವಿಲ್ಲದ ಪ್ರತ್ಯೇಕ ಪುಟಕ್ಕೆ ಹೋಗುತ್ತದೆ. ಉಳಿದವಕ್ಕೆ ಎಚ್-ಟಿ-ಬಿ-ಪಿ (ಬಿ ಅಂದರೆ ಪುಟದ ತಳ). ಅಕ್ಷರಗಳನ್ನು ಯಾವ ಕ್ರಮದಲ್ಲಿ ಬರೆದರೂ ಒಂದೇ. ಅದು ಆದ್ಯತೆಯ ಪಟ್ಟಿಯಲ್ಲ, ಅನುಮತಿಯ ಪಟ್ಟಿ.

ಜೊತೆಗೆ ಪೀಠಿಕೆಯಲ್ಲಿ (ಪ್ರಬಂಧದ್ದಲ್ಲ, ಫೈಲಿನಲ್ಲಿ ಬಿಗಿನ್ ಡಾಕ್ಯುಮೆಂಟ್‌ಗೆ ಮುಂಚಿನ ಭಾಗ) ಮಿತಿಗಳನ್ನು ಸ್ವಲ್ಪ ಸಡಿಲಿಸಿ: ಟಾಪ್‌ಫ್ರ್ಯಾಕ್ಷನ್ 0.85, ಪುಟದ ತಳದಲ್ಲಿ ಚಿತ್ರಗಳ ಗರಿಷ್ಠ ಪಾಲಾದ ಬಾಟಮ್‌ಫ್ರ್ಯಾಕ್ಷನ್ (ಮೂಲ 0.3) 0.5, ಪುಟದಲ್ಲಿ ಪಠ್ಯದ ಕನಿಷ್ಠ ಪಾಲಾದ ಟೆಕ್ಸ್ಟ್‌ಫ್ರ್ಯಾಕ್ಷನ್ (ಮೂಲ 0.2) 0.1, ಪ್ರತ್ಯೇಕ ಪುಟದಲ್ಲಿ ಚಿತ್ರಗಳು ತುಂಬಲೇಬೇಕಾದ ಕನಿಷ್ಠ ಪಾಲಾದ ಫ್ಲೋಟ್‌ಪೇಜ್‌ಫ್ರ್ಯಾಕ್ಷನ್ (ಮೂಲ 0.5) 0.7. ಕೊನೆಯದು ಟಾಪ್‌ಫ್ರ್ಯಾಕ್ಷನ್‌ಗಿಂತ ಕಡಿಮೆಯೇ ಇರಲಿ. ಹೆಚ್ಚಾದರೆ ತಲೆಗೂ ಹಿಡಿಸದ, ಪ್ರತ್ಯೇಕ ಪುಟಕ್ಕೂ ಸಾಲದ ಚಿತ್ರ ಮತ್ತೆ ಸಿಕ್ಕಿಬೀಳುತ್ತದೆ. ಈ ನಾಲ್ಕನ್ನೂ ರಿನ್ಯೂಕಮಾಂಡ್‌ನಿಂದ ಬದಲಿಸಬೇಕು, ಸೆಟ್‌ಲೆಂಗ್ತ್‌ನಿಂದಲ್ಲ. ಒಂದು ಪುಟದ ತಲೆಗೆ ಎಷ್ಟು ಚಿತ್ರ ಎನ್ನುವ ಟಾಪ್‌ನಂಬರ್ (ಮೂಲ 2) ಮಾತ್ರ ಕೌಂಟರ್, ಅದಕ್ಕೆ ಸೆಟ್‌ಕೌಂಟರ್.

ವಾಸ್ಕೋ ವಾಚಕ:
ಇಷ್ಟೆಲ್ಲ ಯಾಕೆ? ಫ್ಲೋಟ್ ಪ್ಯಾಕೇಜ್ ಹಾಕಿ ದೊಡ್ಡ (ಕ್ಯಾಪಿಟಲ್) ಎಚ್ ಕೊಟ್ಟರೆ ಬರೆದಲ್ಲೇ ಕೂರುತ್ತದಲ್ಲ.

ಅಚ್ಚುಮೊಳೆ, ಪುಣೆ:
ಕೂರುತ್ತದೆ ಸರ್, ಆದರೆ ಆಗ ಅದು ಫ್ಲೋಟೇ ಅಲ್ಲ. 18 ಸೆಂ.ಮೀ. ನಕ್ಷೆಯ ಮುಂಚೆ ಅರ್ಧ ಪುಟ ಪಠ್ಯವಿದ್ದರೆ ಉಳಿದರ್ಧ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಜಿಗಿಯುತ್ತದೆ, ನಂತರದ ಪಠ್ಯ ಮೇಲೆ ಬಂದು ಆ ಖಾಲಿಯನ್ನು ತುಂಬುವುದಿಲ್ಲ. ಇನ್ನೊಂದು ತೊಂದರೆ: ಮುಂಚಿನ ಒಂದು ಫ್ಲೋಟ್ ಇನ್ನೂ ಕಾಯುತ್ತಿದ್ದರೆ ದೊಡ್ಡ ಎಚ್‌ನದು ಅದನ್ನು ದಾಟಿ ಹೋಗಿ, 3.5 ಆದಮೇಲೆ 3.4 ಅಚ್ಚಾಗುತ್ತದೆ. ಪಠ್ಯದ ಓಟಕ್ಕೇ ಸೇರಿದ ನಾಲ್ಕು ಸಾಲಿನ ಚಿಕ್ಕ ಕೋಷ್ಟಕಕ್ಕೆ ಸರಿ. ಪ್ರಬಂಧದುದ್ದಕ್ಕೂ ಅದನ್ನೇ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಚಿತ್ರ ಹತ್ತಿರದಲ್ಲೇ ಇರಬೇಕು ಅನ್ನುವುದಾದರೆ ಪ್ಲೇಸ್‌ಇನ್ಸ್ ಪ್ಯಾಕೇಜ್‌ನ ಫ್ಲೋಟ್‌ಬ್ಯಾರಿಯರ್ ಮೇಲು. ಅದನ್ನು ದಾಟಿ ಯಾವ ಚಿತ್ರವೂ ಮುಂದೆ ಹೋಗುವುದಿಲ್ಲ. ಸೆಕ್ಷನ್ ಆಯ್ಕೆ ಕೊಟ್ಟರೆ ಪ್ರತಿ ವಿಭಾಗದ ಮುಂಚೆ ತಾನೇ ಬೇಲಿ ಹಾಕುತ್ತದೆ. ವಿಭಾಗಗಳು ಅರ್ಧ ಪುಟದಷ್ಟು ಚಿಕ್ಕವಾಗಿದ್ದರೆ ಮಾತ್ರ ಬೇಡ, ಅಲ್ಲೂ ಖಾಲಿ ಪುಟಗಳ ಕಾಟವೇ.

ಕೋಥ್ರೂಡ್ ಕನ್ನಡತಿ:
ಕೋಷ್ಟಕದ ವಿಷಯ ಯಾರೂ ಹೇಳಲಿಲ್ಲ. ಟೇಬಲ್ ಎನ್ವಿರಾನ್‌ಮೆಂಟ್ ಪುಟ ದಾಟಿ ಮುರಿಯುವುದೇ ಇಲ್ಲ, ಒಳಗೆ ಏನು ಹಾಕಿದರೂ. ಲಾಂಗ್‌ಟೇಬಲ್ ಬಳಸಿ, ಅದನ್ನು ಟೇಬಲ್‌ನ ಒಳಗಿಡದೆ ನೇರವಾಗಿ ಪಠ್ಯದಲ್ಲಿಡಿ. ಶಿರೋನಾಮೆಯ ಸಾಲು ಬರೆದು ಎಂಡ್‌ಹೆಡ್ ಕೊಟ್ಟರೆ ಪ್ರತಿ ಪುಟದಲ್ಲೂ ಅದು ಮರಳಿ ಬರುತ್ತದೆ. ಕಾಲಂ ಅಗಲ ಹೊಂದಲು ಎರಡು ಮೂರು ಸಲ ಕಂಪೈಲ್ ಮಾಡಬೇಕು, ಮೊದಲ ಸಲ ಸೊಟ್ಟಗಿದ್ದರೆ ಗಾಬರಿ ಬೇಡ. ಲಾಂಗ್‌ಟೇಬಲ್ ತೇಲುವುದಿಲ್ಲವಾದ್ದರಿಂದ ಅದರ ಮುಂಚೆ ಒಂದು ಫ್ಲೋಟ್‌ಬ್ಯಾರಿಯರ್ ಹಾಕಿದರೆ ಕೋಷ್ಟಕದ ಸಂಖ್ಯೆಗಳು ಹಿಂದುಮುಂದಾಗುವುದಿಲ್ಲ.

ಅಗಲ ಹೆಚ್ಚಾದ ಕೋಷ್ಟಕವನ್ನು ರೀಸೈಜ್‌ಬಾಕ್ಸ್‌ನಲ್ಲಿ ಹಿಂಡಬೇಡಿ. ಇಂಗ್ಲಿಷ್ ಅಕ್ಷರ ಹೇಗೋ ತಾಳಿಕೊಳ್ಳುತ್ತದೆ, ನಮ್ಮ ಒತ್ತಕ್ಷರಗಳು ಅಚ್ಚಿನಲ್ಲಿ ಚುಕ್ಕೆಯಾಗುತ್ತವೆ. ರೊಟೇಟಿಂಗ್ ಪ್ಯಾಕೇಜ್‌ನ ಸೈಡ್‌ವೇಸ್‌ಟೇಬಲ್‌ನಲ್ಲಿ ಅಡ್ಡ ತಿರುಗಿಸಿ.

ಇನ್ನು ‘ಕೆಳಗಿನ ಚಿತ್ರದಲ್ಲಿ’, ‘ಈ ಮೇಲಿನ ಕೋಷ್ಟಕ’ ಅಂತ ಬರೆದಿದ್ದರೆ ಎಲ್ಲ ತೆಗೆಯಿರಿ. ‘ಚಿತ್ರ’ ಬರೆದು ಟಿಲ್ಡೆ (ಸಾಲು ಮುರಿಯದ ಖಾಲಿ ಜಾಗ), ರೆಫ್ (ಲೇಬಲ್ ಇಟ್ಟ ಚಿತ್ರದ ಸಂಖ್ಯೆ ತರುವ ಕಮಾಂಡ್), ಅದಕ್ಕೆ ಅಂಟಿಸಿ ‘ರಲ್ಲಿ’. ಕನ್ನಡದಲ್ಲಿ ಒಂದರಲ್ಲಿ, ಎರಡರಲ್ಲಿ, ಹತ್ತರಲ್ಲಿ, ಎಲ್ಲಕ್ಕೂ ‘ರಲ್ಲಿ’ಯೇ ಆದ್ದರಿಂದ ನಾಳೆ ಸಂಖ್ಯೆ ಬದಲಾದರೂ ಪ್ರತ್ಯಯ ಕೆಡುವುದಿಲ್ಲ. ಲೇಬಲ್ ಮಾತ್ರ ಕ್ಯಾಪ್ಶನ್‌ನ ನಂತರ ಬರಲಿ. ಮುಂಚೆ ಇಟ್ಟರೆ ಚಿತ್ರದ ಬದಲು ವಿಭಾಗದ ಸಂಖ್ಯೆ ಬಂದು ಕೂರುತ್ತದೆ.

ಕಲೀನಾ ಕಡೆಯವಳು:
ನಕ್ಷೆಗೆ ಪಿ ಕೊಟ್ಟೆ. 3.4ರಿಂದ ಮುಂದಿನವೆಲ್ಲ ಆಯಾ ಚರ್ಚೆಯ ಪುಟದಲ್ಲೋ ಮರುಪುಟದಲ್ಲೋ ಬಂದವು. ಲಾಂಗ್‌ಟೇಬಲ್ ಕೂಡ ಸರಿಹೋಯಿತು. ಎರಡು ಉಳಿದಿವೆ: ನಕ್ಷೆ ತನ್ನ ಪುಟದ ನಡುಮಧ್ಯಕ್ಕೆ ನಿಂತಿದೆ, ಮೇಲಕ್ಕೆ ಬರಬೇಕು. ಮತ್ತೆ 3.6 ತನ್ನ ವಿವರಣೆಗಿಂತ ಒಂದು ಪುಟ ತಡವಾಗಿ ಬರುತ್ತಿದೆ.

ಅಚ್ಚುಮೊಳೆ, ಪುಣೆ:
ಪ್ರತ್ಯೇಕ ಪುಟದ ಚಿತ್ರದ ಮೇಲೂ ಕೆಳಗೂ ಹಿಗ್ಗುವ ಜಾಗವಿರುತ್ತದೆ, ನಡುವೆ ನಿಲ್ಲುವುದು ಅದಕ್ಕೇ. ಪೀಠಿಕೆಯಲ್ಲಿ ಮೇಕ್‌ಅಟ್‌ಲೆಟರ್ ಮತ್ತು ಮೇಕ್‌ಅಟ್‌ಅದರ್ ನಡುವೆ ಸೆಟ್‌ಲೆಂಗ್ತ್‌ನಿಂದ ಅಟ್-ಎಫ್‌ಪಿಟಾಪ್ ಅನ್ನು 0 ಪಾಯಿಂಟ್ ಮಾಡಿ. ಕೆಳಗಿನದನ್ನು ಮುಟ್ಟಬೇಡಿ.

3.6ಕ್ಕೆ ಬೇರೆ ಮದ್ದಿಲ್ಲ, ಫಿಗರ್‌ನ ಕೋಡನ್ನೇ ಒಂದೆರಡು ಪ್ಯಾರಾ ಮೇಲಕ್ಕೆ ಸರಿಸಿ. ಕೋಡ್ ಇರುವ ಪುಟದ ತಲೆಗೆ ಚಿತ್ರ ಏರಬಲ್ಲದು, ಅದಕ್ಕಿಂತ ಹಿಂದಿನ ಪುಟಕ್ಕೆ ಹೋಗಲಾರದು. ಹೀಗೆ ಕೈಯಿಂದ ಸರಿಸುವ ಕೆಲಸವನ್ನು ಪಠ್ಯದ ತಿದ್ದುಪಡಿ ಪೂರ್ತಿ ಮುಗಿದ ಮೇಲೇ ಇಟ್ಟುಕೊಳ್ಳಿ, ಇಲ್ಲವಾದರೆ ಎರಡು ಸಾಲು ಸೇರಿಸಿದರೂ ಮತ್ತೆ ಮೊದಲಿಂದ.