ಹೋಮ್ ಥಿಯೇಟರ್ ಕಂಪ್ಯೂಟರ್‌ನಿಂದ ಪೂರ್ಣ ಗುಣಮಟ್ಟದ ಸರೌಂಡ್ ಧ್ವನಿ: ಬಳಸುತ್ತಿರುವವರ ಅನುಭವ

ಪ್ರಶ್ನೆ: ನನ್ನ ಕಂಪ್ಯೂಟರ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್, ಎವಿ ರಿಸೀವರ್‌ಗೆ (ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆ) ಆಪ್ಟಿಕಲ್ ಕೇಬಲ್ ಹಾಕಿದ್ದೇನೆ. ಬ್ಲೂ-ರೇ ಡಿಸ್ಕುಗಳಿಂದ ಇಳಿಸಿಕೊಂಡ ಚಿತ್ರಗಳನ್ನು ವಿಂಡೋಸ್‌ನಲ್ಲಿ ಕೋಡಿ ಎಂಬ ಪ್ಲೇಯರ್ ಪ್ರೋಗ್ರಾಮಿನ ಮೂಲಕ ನೋಡುತ್ತೇನೆ. ಫೈಲಿನಲ್ಲಿ ಪೂರ್ಣ ಗುಣಮಟ್ಟದ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಧ್ವನಿ ಇದ್ದರೂ ರಿಸೀವರ್‌ನ ಪರದೆಯಲ್ಲಿ ‘ಡಿಟಿಎಸ್’ ಎಂದಷ್ಟೇ ಕಾಣುತ್ತದೆ. ಪ್ರತ್ಯೇಕ ಸೌಂಡ್ ಕಾರ್ಡ್ ಕೊಳ್ಳಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಸೌಂಡ್ ಕಾರ್ಡ್ ಬೇಕಾಗಿಲ್ಲ, ನಿಮ್ಮನ್ನು ತಡೆಯುತ್ತಿರುವುದು ಆಪ್ಟಿಕಲ್ ಕೇಬಲ್. ಆ ದಾರಿಯನ್ನು ರೂಪಿಸಿದ್ದೇ ಎರಡು ಚಾನೆಲ್‌ಗಳ ಪಿಸಿಎಂ (ಕುಗ್ಗಿಸದ) ಧ್ವನಿಗಾಗಿ. 16 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೋ ಧ್ವನಿಗೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಸಾಕು, ಹಳೆಯ ಡಿಟಿಎಸ್ ಕೂಡ ಅಷ್ಟರಲ್ಲಿಯೇ ಹಿಡಿಸುತ್ತದೆ. ಆದರೆ ಬ್ಲೂ-ರೇಯ ಇನ್ನೊಂದು ಪೂರ್ಣ ಗುಣಮಟ್ಟದ ಧ್ವನಿಯಾದ ಡಾಲ್ಬಿ ಟ್ರೂಎಚ್‌ಡಿ ಸೆಕೆಂಡಿಗೆ 18 ಮೆಗಾಬಿಟ್‌ವರೆಗೆ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ 24.5 ಮೆಗಾಬಿಟ್‌ವರೆಗೆ ಹೋಗಬಲ್ಲವು. ಡಿಟಿಎಸ್-ಎಚ್‌ಡಿ ಧ್ವನಿಯ ಒಳಗೇ ಸಾಮಾನ್ಯ ಡಿಟಿಎಸ್‌ನ ತಿರುಳು ಇರುವುದರಿಂದ, ಕೋಡಿ ಆ ತಿರುಳನ್ನಷ್ಟೇ ಬೇರ್ಪಡಿಸಿ ಆಪ್ಟಿಕಲ್ ಮೂಲಕ ಕಳಿಸುತ್ತಿದೆ. ರಿಸೀವರ್ ತನಗೆ ಬಂದಿದ್ದನ್ನು ಸರಿಯಾಗಿಯೇ ತೋರಿಸುತ್ತಿದೆ.

ಪ್ರತ್ಯೇಕ ಕಾರ್ಡಿನ ಸಲಹೆ 2009ಕ್ಕೂ ಹಿಂದಿನದು. ಆ ವರ್ಷ ಬಂದ ಎಎಂಡಿಯ ರೇಡಿಯಾನ್ ಎಚ್‌ಡಿ 5000 ಸರಣಿಯ ಗ್ರಾಫಿಕ್ಸ್ ಕಾರ್ಡುಗಳು ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎರಡೂ ಧ್ವನಿಗಳನ್ನು ಬಿಚ್ಚದೆ (ಡಿಕೋಡ್ ಮಾಡದೆ) ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ದಾಟಿಸತೊಡಗಿದವು. ಮರುವರ್ಷ ಇಂಟೆಲ್ ಮತ್ತು ಎನ್‌ವಿಡಿಯಾ ಕೂಡ ಅದನ್ನು ಒದಗಿಸಿದವು. ಈಗಿನ ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಯೇ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಆದ್ದರಿಂದ ಆಪ್ಟಿಕಲ್ ಕೇಬಲ್ ತೆಗೆದುಬಿಡಿ. ಕಂಪ್ಯೂಟರ್‌ನ ಎಚ್‌ಡಿಎಂಐ ಕೇಬಲ್ಲನ್ನು ರಿಸೀವರ್‌ನ ಇನ್‌ಪುಟ್‌ಗೆ ಹಾಕಿ, ರಿಸೀವರ್‌ನ ಔಟ್‌ಪುಟ್‌ನಿಂದ ಟಿವಿಗೆ ಇನ್ನೊಂದು ಕೇಬಲ್ ಎಳೆಯಿರಿ. ಬಳಿಕ ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ರಿಸೀವರ್‌ನ ಹೆಸರಿರುವ ಸಾಧನವನ್ನು ಆರಿಸಿ, ಅದರ ಪ್ರಾಪರ್ಟೀಸ್‌ನಲ್ಲಿ ‘ಸಪೋರ್ಟೆಡ್ ಫಾರ್ಮ್ಯಾಟ್ಸ್’ ಪುಟವನ್ನು ನೋಡಿ. ರಿಸೀವರ್ ತನಗೆ ಯಾವ ಯಾವ ಧ್ವನಿ ಅರ್ಥವಾಗುತ್ತದೆ ಎಂದು ಕಂಪ್ಯೂಟರ್‌ಗೆ ಹೇಳಿಕೊಂಡ ಪಟ್ಟಿ ಅದು. ಅಲ್ಲಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎರಡೂ ಕಾಣದಿದ್ದರೆ ಕೋಡಿಯಲ್ಲಿ ಏನು ಬದಲಿಸಿದರೂ ಉಪಯೋಗವಿಲ್ಲ, ದೋಷವನ್ನು ಕೇಬಲ್ಲಿನಲ್ಲಿ, ಡ್ರೈವರ್‌ನಲ್ಲಿ ಅಥವಾ ರಿಸೀವರ್‌ನ ಸೆಟ್ಟಿಂಗ್‌ನಲ್ಲಿಯೇ ಹುಡುಕಬೇಕು.

ಕೋಡಿಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಆಡಿಯೋ ಪುಟಕ್ಕೆ ಹೋಗಿ, ಮೊದಲು ಕೆಳಗಿನ ಮೂಲೆಯಲ್ಲಿ ಸೆಟ್ಟಿಂಗ್‌ನ ಮಟ್ಟವನ್ನು ‘ಎಕ್ಸ್‌ಪರ್ಟ್’ಗೆ ಏರಿಸಿ. ಇಲ್ಲದಿದ್ದರೆ ಬೇಕಾದ ಆಯ್ಕೆಗಳಲ್ಲಿ ಕೆಲವು ಕಣ್ಣಿಗೇ ಬೀಳುವುದಿಲ್ಲ. ಔಟ್‌ಪುಟ್ ಸಾಧನವಾಗಿ ‘ವಾಸಾಪಿ’ (WASAPI) ಎಂದು ಆರಂಭವಾಗುವ ಎಚ್‌ಡಿಎಂಐ ಸಾಲನ್ನೇ ಆರಿಸಿ, ಪಾಸ್‌ಥ್ರೂ (ಧ್ವನಿಯನ್ನು ಬಿಚ್ಚದೆ ದಾಟಿಸುವ ಆಯ್ಕೆ) ತೆರೆದು, ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿಯ ಆಯ್ಕೆಗಳನ್ನು ಒಂದೊಂದಾಗಿ ಆನ್ ಮಾಡಿ. ವಿಡಿಯೋ ವಿಭಾಗದಲ್ಲಿರುವ ‘ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ’ ಆಫ್ ಆಗಿರಲಿ, ಏಕೆಂದರೆ ಅದು ಧ್ವನಿಯ ವೇಗವನ್ನು ತುಸು ತಿದ್ದುತ್ತದೆ, ಬಿಚ್ಚದೆ ದಾಟಿಸುವ ಧ್ವನಿಯನ್ನು ಹಾಗೆ ತಿದ್ದಲು ಬರುವುದಿಲ್ಲ. ಪಾಸ್‌ಥ್ರೂ ನಡೆಯುವಾಗ ಕೋಡಿಯ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ಗಾಬರಿಯಾಗಬೇಡಿ, ರಿಸೀವರ್‌ನ ರಿಮೋಟ್ ಬಳಸಿ. ಇಷ್ಟಾದ ಮೇಲೆ ಅದೇ ಚಿತ್ರವನ್ನು ಹಾಕಿದರೆ ರಿಸೀವರ್‌ನ ಪರದೆಯಲ್ಲಿ ಡಿಟಿಎಸ್-ಎಚ್‌ಡಿಯ ಹೆಸರು ಮೂಡಬೇಕು.

ಉತ್ತರ 2: ಮೇಲಿನ ಉತ್ತರ ಸರಿಯಾಗಿದೆ. ಆದರೆ ಪಾಸ್‌ಥ್ರೂ ಆಗದಿದ್ದರೆ ಉತ್ತಮ ಧ್ವನಿಯೇ ಸಿಗದು ಎಂದು ಯಾರೂ ತಿಳಿಯಬಾರದು. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡರಲ್ಲೂ ಮೂಲದ ಒಂದು ಬಿಟ್ ಕೂಡ ನಷ್ಟವಾಗಿರುವುದಿಲ್ಲ. ಹಾಗಾಗಿ ಕಂಪ್ಯೂಟರೇ ಅದನ್ನು ಬಿಚ್ಚಿ, ಎಂಟು ಚಾನೆಲ್‌ಗಳ ಪಿಸಿಎಂ ಆಗಿ ಎಚ್‌ಡಿಎಂಐ ಮೂಲಕ ಕಳಿಸಿದರೂ ಸ್ಪೀಕರಿಗೆ ತಲುಪುವುದು ಅದೇ ಧ್ವನಿ. ಟ್ರೂಎಚ್‌ಡಿಯ ಗುರುತೇ ಇಲ್ಲದ ಹಳೆಯ ರಿಸೀವರ್ ಇರುವವರಿಗೆ ಇದು ದೊಡ್ಡ ಅನುಕೂಲ. ಇದಕ್ಕೆ ಅಪವಾದವೆಂದರೆ ತಲೆಯ ಮೇಲಿನಿಂದಲೂ ಧ್ವನಿ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಮತ್ತು ಡಿಟಿಎಸ್:ಎಕ್ಸ್. ಕೋಡಿ ಬಿಚ್ಚಿದಾಗ 7.1 ಚಾನೆಲ್‌ಗಳ ಧ್ವನಿ ಉಳಿದು, ಮೇಲ್ಛಾವಣಿಯ ಸ್ಪೀಕರುಗಳಿಗೆ ಬೇಕಾದ ಮಾಹಿತಿ ಬಿಟ್ಟುಹೋಗುತ್ತದೆ. ಅಂಥ ಸ್ಪೀಕರುಗಳಿದ್ದವರಿಗೆ ಮಾತ್ರ ಪಾಸ್‌ಥ್ರೂ ಅನಿವಾರ್ಯ.

ರಿಸೀವರ್ 4ಕೆ ಚಿತ್ರವನ್ನು ದಾಟಿಸದಿದ್ದರೆ, ಗ್ರಾಫಿಕ್ಸ್ ಕಾರ್ಡಿನ ಒಂದು ಕಿಂಡಿಯಿಂದ ಟಿವಿಗೆ ಚಿತ್ರವನ್ನೂ ಇನ್ನೊಂದರಿಂದ ರಿಸೀವರ್‌ಗೆ ಧ್ವನಿಯನ್ನೂ ಕಳಿಸಬಹುದು. ನಮ್ಮ ಮನೆಯಲ್ಲಿರುವುದು ಇದೇ ಏರ್ಪಾಡು. ವಿಂಡೋಸ್ ಆಗ ರಿಸೀವರನ್ನು ಎರಡನೆಯ ಮಾನಿಟರ್ ಎಂದೇ ತಿಳಿಯುತ್ತದೆ, ಮೌಸ್‌ನ ಬಾಣ ಆ ಕಾಣದ ಪರದೆಗೆ ಹೋಗಿ ಮಾಯವಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎರಡನೆಯ ಪರದೆಯ ಚೌಕವನ್ನು ಎಳೆದು, ಮೊದಲನೆಯದರ ಮೂಲೆಗೆ ಮೂಲೆ ಮಾತ್ರ ತಾಗುವಂತೆ ಇಟ್ಟರೆ ಬಾಣ ಅತ್ತ ಹೋಗುವುದು ಬಹುಮಟ್ಟಿಗೆ ತಪ್ಪುತ್ತದೆ. ಧ್ವನಿ ಮಾತ್ರ ಸಾಕಲ್ಲ ಎಂದು ಆ ಪರದೆಯ ರೆಸಲ್ಯೂಷನ್ನನ್ನು ತೀರ ಇಳಿಸಬೇಡಿ. ಎಚ್‌ಡಿಎಂಐನಲ್ಲಿ ಧ್ವನಿ ಸಾಗುವುದು ಚಿತ್ರದ ಸಾಲುಗಳ ನಡುವಿನ ಬಿಡುವಿನಲ್ಲಿ. 480ಪಿಯಂಥ ಚಿಕ್ಕ ಚಿತ್ರದಲ್ಲಿ ಆ ಬಿಡುವು ದೊಡ್ಡ ಧ್ವನಿಗೆ ಸಾಲುವುದಿಲ್ಲ, 1080ಪಿ ಇಟ್ಟರೆ ತೊಂದರೆಯಿಲ್ಲ.

ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಟಿವಿಯ ಎಆರ್‌ಸಿ (ಟಿವಿಯಿಂದ ಧ್ವನಿಯನ್ನು ರಿಸೀವರ್‌ಗೆ ಹಿಂದಿರುಗಿಸುವ ಎಚ್‌ಡಿಎಂಐ) ಕಿಂಡಿಯಿಂದ ರಿಸೀವರ್‌ಗೆ ಧ್ವನಿ ತರುವ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಓಟಿಟಿಯ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪದಲ್ಲಿ ಬರುವುದರಿಂದ ಸಾಮಾನ್ಯ ಎಆರ್‌ಸಿಯಲ್ಲೂ ಹಾದುಹೋಗಬಹುದು, ಆದರೆ ಟ್ರೂಎಚ್‌ಡಿ ಹಾಯಬೇಕಾದರೆ ಟಿವಿ, ರಿಸೀವರ್ ಎರಡರಲ್ಲೂ ಇಎಆರ್‌ಸಿ (ಎಆರ್‌ಸಿಯ ಸುಧಾರಿತ ರೂಪ) ಇರಬೇಕು. ಇದ್ದರೂ ಕೆಲವು ಟಿವಿಗಳು ಡಿಟಿಎಸ್ ಧ್ವನಿಯನ್ನು ಮುಂದಕ್ಕೆ ಬಿಡುವುದಿಲ್ಲ.

ಉತ್ತರ 3: ಪದೇ ಪದೇ ಕರೆಂಟು ಹೋಗುವ ಊರಿನವರು ಗಮನಿಸಬೇಕಾದ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಮ್ಮಲ್ಲಿ ಕಂಪ್ಯೂಟರ್ ಯುಪಿಎಸ್ ಮೇಲಿದೆ, ರಿಸೀವರ್ ಇಲ್ಲ. ಕರೆಂಟು ಹೋದಾಗ ರಿಸೀವರ್ ಆರಿ, ಕಂಪ್ಯೂಟರ್‌ನ ಮಟ್ಟಿಗೆ ಆ ಧ್ವನಿ ಸಾಧನವೇ ಇಲ್ಲದಂತಾಗುತ್ತದೆ, ವಿಂಡೋಸ್ ಬೇರೊಂದನ್ನು ಹಿಡಿದುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಪಾಸ್‌ಥ್ರೂ ನಿಂತುಹೋಗಿದ್ದರೆ, ಸೆಟ್ಟಿಂಗ್‌ಗಳನ್ನೆಲ್ಲ ಕೆದಕುವ ಮೊದಲು ಟಿವಿ ಮತ್ತು ರಿಸೀವರನ್ನು ಆನ್ ಮಾಡಿ, ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ನೋಡಿ.

ವಿಂಡೋಸ್ ಬೇಡವೆನ್ನುವವರಿಗೆ ನನ್ನ ಆಯ್ಕೆ ಕೋಡಿಗಾಗಿಯೇ ಇರುವ ಪುಟ್ಟ ಲಿನಕ್ಸ್ ಆದ ಲಿಬ್ರೆಎಲೆಕ್. ಅದರಲ್ಲಿ ಕೋಡಿಯ ಹೊರತು ಬೇರೆ ಯಾವ ಪ್ರೋಗ್ರಾಮೂ ಧ್ವನಿ ಸಾಧನಕ್ಕಾಗಿ ಪೈಪೋಟಿ ಮಾಡುವುದಿಲ್ಲ. ಉಬುಂಟುವಿನಂಥ ಪೂರ್ಣ ಲಿನಕ್ಸ್‌ನಲ್ಲಿ ಪಲ್ಸ್‌ಆಡಿಯೋ ಅಥವಾ ಪೈಪ್‌ವೈರ್ ಎಂಬ ಧ್ವನಿ ಹಂಚುವ ಪ್ರೋಗ್ರಾಮ್ ನಡುವೆ ಕುಳಿತಿರುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಾಧನವನ್ನು ಆಫ್ ಮಾಡಿ, ಕೋಡಿ ನೇರವಾಗಿ ಆಲ್ಸಾ (ಲಿನಕ್ಸ್‌ನ ಮೂಲ ಧ್ವನಿ ವ್ಯವಸ್ಥೆ) ಮೂಲಕ ಅದನ್ನು ಬಳಸುವಂತೆ ಮಾಡಿದ ಮೇಲೆಯೇ ನನಗೆ ಟ್ರೂಎಚ್‌ಡಿ ತಡೆಯಿಲ್ಲದೆ ಬಂದದ್ದು.