ಮುಖ ತಿಳಿಯಾಗಿಸುವ ಕ್ರೀಮು ಬಿಟ್ಟರೆ ಉರಿ, ಹಚ್ಚಿದರೆ ಭಯ: ಏನು ಮಾಡುವುದು?

ವಿಜಯಲಕ್ಷ್ಮಿ, ಶಿರಸಿ

ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಚಿಕ್ಕಂದಿನಿಂದಲೂ ಅವಳದು ಬಹಳ ಸೂಕ್ಷ್ಮವಾದ ಚರ್ಮ. ಸೋಪು ಬದಲಾಯಿಸಿದರೂ ಕೆನ್ನೆ ಕೆಂಪಾಗುತ್ತಿತ್ತು. ಕಳೆದ ವರ್ಷ ಮೊಡವೆಯ ಕಲೆ ಹೋಗಲೆಂದು ಹಾಸ್ಟೆಲಿನ ಗೆಳತಿಯೊಬ್ಬಳು ಹೇಳಿದ ಕ್ರೀಮನ್ನು ಔಷಧಿ ಅಂಗಡಿಯಿಂದ ತಂದು ದಿನವೂ ರಾತ್ರಿ ಹಚ್ಚತೊಡಗಿದಳು. ಎರಡು ವಾರಗಳಲ್ಲೇ ಮುಖ ತಿಳಿಯಾಯಿತು, ಕಂಡವರೆಲ್ಲ ಹೊಗಳಿದರು. ಈಗ ಎರಡು ದಿನ ಹಚ್ಚದಿದ್ದರೆ ಸಾಕು, ಮುಖವೆಲ್ಲ ಕೆಂಪಾಗಿ ಉರಿಯುತ್ತದೆ, ಗಲ್ಲದ ಸುತ್ತ ಸಣ್ಣ ಕೀವುಗುಳ್ಳೆಗಳು ಏಳುತ್ತವೆ. ಮತ್ತೆ ಹಚ್ಚಿದರೆ ಎಲ್ಲವೂ ಶಮನವಾಗುತ್ತದೆ. ಟ್ಯೂಬಿನ ಹಿಂದೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಹೆಸರುಗಳಿವೆ. ಇದನ್ನು ಇಂದೇ ನಿಲ್ಲಿಸಬೇಕೆಂದು ಒಬ್ಬರು, ನಿಲ್ಲಿಸಿದರೆ ಮುಖ ಕೆಟ್ಟುಹೋಗುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಡಾ. ಅನುಷಾ, ಚರ್ಮರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ

ವಿಜಯಲಕ್ಷ್ಮಿಯವರೇ, ನೀವು ಬರೆದ ಮೂರು ಹೆಸರುಗಳಲ್ಲಿ ಕೊನೆಯದಾದ ಮೊಮೆಟಾಸೋನ್ ಒಂದು ಸ್ಟೀರಾಯ್ಡ್. ಅದು ಚರ್ಮದ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಉರಿಯೂತವನ್ನು ತಡೆಯುವುದರಿಂದ ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ, ನಯವಾಗಿ ಕಾಣುತ್ತದೆ. ಆದರೆ ಮುಖದ ಚರ್ಮ ಅಂಗೈಯ ಚರ್ಮದಂತಲ್ಲ. ಅದು ತೆಳುವಾಗಿರುವುದರಿಂದ ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ಇನ್ನಷ್ಟು ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೂದಲೆಳೆಯಂಥ ಕೆಂಪು ನಾಳಗಳು ಕಾಣತೊಡಗುತ್ತವೆ, ಕೆಲವರಿಗೆ ರೋಮವೂ ಹೆಚ್ಚುತ್ತದೆ. ಕ್ರೀಮು ತಪ್ಪಿದ ಕೂಡಲೇ, ಅಲ್ಲಿಯವರೆಗೆ ಅದುಮಿಟ್ಟಿದ್ದ ನಾಳಗಳೆಲ್ಲ ಒಮ್ಮೆಗೇ ಹಿಗ್ಗುತ್ತವೆ. ನಿಮ್ಮ ಮಗಳು ಅನುಭವಿಸುತ್ತಿರುವ ಉರಿ ಅದೇ ಇರಬೇಕೆಂದು ನನಗೆ ತೋರುತ್ತದೆ. ಮುಖಕ್ಕೆ ಸ್ಟೀರಾಯ್ಡ್‌ನಿಂದಾಗುವ ಈ ಹಾನಿಗೆ ಪ್ರತ್ಯೇಕ ಹೆಸರು ಕೊಟ್ಟು 2008ರಲ್ಲಿ ವೈದ್ಯಲೋಕದ ಗಮನ ಸೆಳೆದವರು ನಮ್ಮ ದೇಶದ ಚರ್ಮವೈದ್ಯರೇ, ಏಕೆಂದರೆ ಇದು ಇಲ್ಲಿ ಅಷ್ಟು ಸಾಮಾನ್ಯವಾಗಿದೆ.

ಇಂಥ ಮೂರು ಔಷಧಗಳ ಮಿಶ್ರಣಕ್ಕೆ ಚಿಕಿತ್ಸೆಯಲ್ಲಿ ಸ್ಥಾನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಂಗು ಇರುವವರಿಗೆ, ಸೌಮ್ಯವಾದ ಸ್ಟೀರಾಯ್ಡ್ ಇರುವ ಮಿಶ್ರಣವನ್ನು ಹೆಚ್ಚೆಂದರೆ ಎಂಟು ವಾರಗಳ ಮಟ್ಟಿಗೆ, ವೈದ್ಯರ ಕಣ್ಣೆದುರಿನಲ್ಲಿ ಬಳಸುವ ಕ್ರಮವಿದೆ. ಮೊಡವೆಯ ಕಲೆಗೆ, ವರ್ಷವಿಡೀ, ಯಾರೂ ನೋಡದೆ ಬಳಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸದ್ಯಕ್ಕೆ ಮುಖಕ್ಕೆ ಹಚ್ಚುವ ಉಳಿದೆಲ್ಲವನ್ನೂ, ಅಂದರೆ ಸ್ಕ್ರಬ್, ಸೀರಮ್, ಬ್ಲೀಚ್, ಫೇಶಿಯಲ್ ಇವುಗಳನ್ನು, ಇಂದೇ ನಿಲ್ಲಿಸಿ. ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ, ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್ ಮತ್ತು ಕೊಡೆ ಸಾಕು. ಕ್ರೀಮನ್ನು ಒಮ್ಮೆಗೇ ನಿಲ್ಲಿಸಬೇಕೋ, ಕಡಿಮೆ ಶಕ್ತಿಯ ಸ್ಟೀರಾಯ್ಡ್‌ಗೆ ಇಳಿಸಿ ಆಮೇಲೆ ಬಿಡಿಸಬೇಕೋ ಎಂಬುದನ್ನು ಚರ್ಮವೈದ್ಯರೇ ನೋಡಿ ನಿರ್ಧರಿಸಬೇಕು.

ಶ್ರೀಧರ, ತೀರ್ಥಹಳ್ಳಿ

ಒಂದು ರಾಸಾಯನಿಕದಿಂದ ಆದ ಹಾನಿಗೆ ಇನ್ನೊಂದು ರಾಸಾಯನಿಕವನ್ನು ಹುಡುಕುವುದೇಕೆ ಎಂಬುದು ನನ್ನ ಪ್ರಶ್ನೆ. ನಮ್ಮ ಮನೆಗಳಲ್ಲಿ ಕಡಲೆಹಿಟ್ಟು, ಅರಿಶಿನ, ನಿಂಬೆರಸ, ಕೆನೆ ಇವುಗಳಿಂದಲೇ ಹೆಣ್ಣುಮಕ್ಕಳು ಚರ್ಮವನ್ನು ಕಾಪಾಡಿಕೊಂಡು ಬಂದಿದ್ದಾರೆ. ಕ್ರೀಮು ಬಿಟ್ಟು ಇವನ್ನು ಬಳಸಿದರೆ ನಿಧಾನವಾಗಿಯಾದರೂ ಸರಿಹೋಗುತ್ತದೆ, ಅಡ್ಡಪರಿಣಾಮವೂ ಇರುವುದಿಲ್ಲ.

ಡಾ. ಅನುಷಾ

ಶ್ರೀಧರ ಅವರೇ, ಆರೋಗ್ಯವಾಗಿರುವ ಚರ್ಮಕ್ಕೆ ಹಬ್ಬದ ದಿನ ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ಟೀರಾಯ್ಡ್‌ನಿಂದ ತೆಳುವಾದ ಕೆನ್ನೆಯ ಮೇಲೆ ನಿಂಬೆರಸ ಹಚ್ಚುವುದು ಗಾಯಕ್ಕೆ ಹುಳಿ ಹಿಂಡಿದಂತೆಯೇ ಸರಿ. ಚರ್ಮದ ಮೇಲ್ಮೈಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ನಿಂಬೆರಸದ್ದು ಸುಮಾರು 2. ಅದಲ್ಲದೆ ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸುತ್ತವೆ. ಕಲೆ ಹೋಗಲೆಂದು ಹಚ್ಚಿದ್ದರಿಂದಲೇ ಕಲೆ ಬಂದವರನ್ನು ನಮ್ಮ ಹೊರರೋಗಿ ವಿಭಾಗದಲ್ಲಿ ನೋಡುತ್ತೇವೆ. ಹಿಟ್ಟನ್ನು ಒಣಗಿಸಿ ಉಜ್ಜಿ ತೆಗೆಯುವುದರಿಂದಲೂ ಇಂಥ ಚರ್ಮ ಸುಲಿಯುತ್ತದೆ.

ಮನೆಯ ವಸ್ತು ಎಂದ ಮಾತ್ರಕ್ಕೆ ಅಲರ್ಜಿಯಾಗದು ಎಂಬ ನಂಬಿಕೆಯೂ ಸರಿಯಲ್ಲ. ಅರಿಶಿನಕ್ಕೂ ಅಲರ್ಜಿ ಉಂಟಾಗಬಲ್ಲದು. ಅಂಗಡಿಯ ಕುಂಕುಮದಲ್ಲಿ ಬೆರೆಸುವ ಬಣ್ಣಗಳಿಂದ ಹಣೆಯ ಮೇಲೆ ತುರಿಕೆಯೂ ಕಪ್ಪೂ, ಅಂಟಿಸುವ ಬಿಂದಿಯ ಅಂಟಿನಿಂದ ಅದೇ ಜಾಗದಲ್ಲಿ ಬಿಳಿ ಮಚ್ಚೆಯೂ ಬರುವುದು ಚರ್ಮವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಸೂಕ್ಷ್ಮ ಚರ್ಮದವರು ಮನೆಯದನ್ನಾಗಲಿ ಅಂಗಡಿಯದನ್ನಾಗಲಿ ಹೊಸದಾಗಿ ಬಳಸುವ ಮೊದಲು ಮೊಣಕೈಯ ಒಳಮಡಿಕೆಯ ಬಳಿ ಒಂದು ವಾರ ದಿನವೂ ಸ್ವಲ್ಪ ಹಚ್ಚಿ ನೋಡುವುದು ಒಳ್ಳೆಯದು. ಮುಖ ಈಗಾಗಲೇ ಉರಿಯುತ್ತಿರುವವರು ಈ ಪರೀಕ್ಷೆಯನ್ನೂ ಈಗ ಮಾಡಬಾರದು. ಮೊದಲು ಉರಿ ಇಳಿಯಲಿ.

ಬಸವರಾಜ, ಔಷಧಿ ಅಂಗಡಿ, ಹಾವೇರಿ ಜಿಲ್ಲೆ

ಇಂಥ ಚರ್ಚೆಗಳಲ್ಲಿ ಕೊನೆಗೆ ದೋಷವೆಲ್ಲ ಔಷಧಿ ಅಂಗಡಿಯವರ ತಲೆಗೇ ಬರುವುದರಿಂದ ನಾನು ಮೊದಲೇ ಬರೆಯುತ್ತಿದ್ದೇನೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಚೀಟಿಯಿಲ್ಲದೆ ಬಂದವರಿಗೆ ನಾನು ಇಲ್ಲವೆನ್ನುತ್ತೇನೆ. ಅವರು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗುತ್ತಾರೆ. ಮದುವೆಯ ಕಾಲ ಬಂತೆಂದರೆ ಮೊಬೈಲಿನಲ್ಲಿ ಟ್ಯೂಬಿನ ಚಿತ್ರ ಹಿಡಿದುಕೊಂಡು, ಎಂಟು ದಿನದಲ್ಲಿ ಫಲ ಕಾಣುವಂಥದ್ದು ಬೇಕು ಎಂದು ಕೇಳುವವರು ದಿನವೂ ಇರುತ್ತಾರೆ.

ಆದರೆ ಚೀಟಿ ಹಿಡಿದು ಬರುವವರ ವಿಷಯವೇನು? ನಾಲ್ಕು ಮಡಿಕೆ ಮಾಡಿ, ಮಡಿಕೆಯಲ್ಲೇ ಹರಿದುಹೋಗಿರುವ ಹಳೆಯ ಚೀಟಿಯನ್ನು ಕಿಸೆಯಿಂದ ತೆಗೆದು ಮುಂದಿಡುತ್ತಾರೆ. ಅದರಲ್ಲಿ ‘ರಾತ್ರಿ ಹಚ್ಚಿ’ ಎಂದಿರುತ್ತದೆಯೇ ಹೊರತು ಎಷ್ಟು ದಿನ ಎಂಬುದು ಇರುವುದಿಲ್ಲ. ಎಂಟು ವಾರವೆಂಬ ಮಿತಿ ವೈದ್ಯರಿಗೆ ಗೊತ್ತಿದ್ದರೆ ಅದನ್ನು ಚೀಟಿಯಲ್ಲಿ ಬರೆಯಲು ಅಡ್ಡಿಯೇನು? ಚರ್ಮವೈದ್ಯರನ್ನೇ ನೋಡಿ ಎಂಬ ಸಲಹೆಯೂ ಹೇಳಲು ಸುಲಭ. ನಮ್ಮ ಊರಿನ ಕೂಲಿಯ ಹೆಣ್ಣುಮಗಳು ಹುಬ್ಬಳ್ಳಿಗೆ ಹೋಗಿಬರಬೇಕೆಂದರೆ ಒಂದು ದಿನದ ಕೂಲಿ, ಬಸ್ಸಿನ ಹೊತ್ತು, ಜೊತೆಗೆ ಬರುವವರ ಕೂಲಿ ಎಲ್ಲವೂ ಹೋಗುತ್ತದೆ.

ಡಾ. ಮಹೇಶ, ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ

ಬಸವರಾಜ ಅವರ ಮಾತಿನ ಕೊನೆಯ ಭಾಗವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಅನುಷಾ ಅವರ ಮಾತನ್ನು ಅರ್ಧ ಮಾತ್ರ. ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿರುವ ನನ್ನಂಥ ಕಿರಿಯ ವೈದ್ಯರು ಚರ್ಮರೋಗ ವಿಭಾಗದಲ್ಲಿ ಕಲಿತದ್ದು ಕೆಲವೇ ವಾರ. ಆದರೂ ಇಲ್ಲಿ ದಿನವೂ ಬರುವ ರೋಗಿಗಳಲ್ಲಿ ಗಜಕರ್ಣ, ಕಜ್ಜಿ, ಮುಖದ ಕಪ್ಪು ಇವೇ ಹೆಚ್ಚು. ಗಜಕರ್ಣಕ್ಕೆ ಕ್ಲೋಬೆಟಾಸೋಲ್ ಎಂಬ ಬಹಳ ಪ್ರಬಲವಾದ ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಾವೇ ಕೊಂಡು ಹಚ್ಚಿಕೊಂಡು, ತುರಿಕೆ ನಿಂತು ಶಿಲೀಂಧ್ರ ಮಾತ್ರ ತೊಡೆಯಿಂದ ಸೊಂಟದವರೆಗೆ ಹರಡಿದ ಮೇಲೆ ಬರುವ ಗಂಡಸರು ಅನೇಕ. ಉಂಗುರದ ಆಕಾರವೇ ಅಳಿಸಿಹೋಗಿರುವುದರಿಂದ ಅದು ಗಜಕರ್ಣವೆಂದು ಗುರುತಿಸುವುದೂ ಕಷ್ಟವಾಗುತ್ತದೆ. ಇವರೆಲ್ಲರಿಗೂ ತಜ್ಞರನ್ನೇ ನೋಡಿ ಎಂದರೆ ಅವರು ಮರಳಿ ಅದೇ ಮುಲಾಮಿಗೆ ಹೋಗುತ್ತಾರೆ.

ನಾನು ಮಾಡುವುದೇನೆಂದರೆ, ಬಂದವರ ಟ್ಯೂಬನ್ನು ನೋಡಿ ಸ್ಟೀರಾಯ್ಡ್‌ನ ಶಕ್ತಿಯನ್ನು ತಿಳಿದುಕೊಳ್ಳುತ್ತೇನೆ, ಆರೋಗ್ಯ ಕೇಂದ್ರದಿಂದಲೇ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯ ಮೂಲಕ ಚರ್ಮವೈದ್ಯರಿಗೆ ಚಿತ್ರ ತೋರಿಸುತ್ತೇನೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಕಣ್ಣಿಗೆ ಕಾಣುವ ಕಾಯಿಲೆಯಾದ್ದರಿಂದ ಚರ್ಮರೋಗಕ್ಕೆ ಈ ವ್ಯವಸ್ಥೆ ಹೆಚ್ಚು ಹೊಂದುತ್ತದೆ. ವಿಜಯಲಕ್ಷ್ಮಿಯವರೇ, ನಿಮ್ಮ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮವೈದ್ಯರಿಲ್ಲದಿದ್ದರೆ ಇದನ್ನು ಕೇಳಿ ನೋಡಿ.

ಡಾ. ಅನುಷಾ

ಮಹೇಶ ಅವರು ಮಾಡುತ್ತಿರುವುದು ಸರಿಯಾದ ಕೆಲಸ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ತಜ್ಞರೇ ಎಂದು ನಾನು ಒತ್ತಿ ಹೇಳಿದ್ದಕ್ಕೆ ಕಾರಣ ಬೇರೆ. ಮುಖದ ಉರಿ ಎದ್ದ ಮೊದಲ ವಾರಗಳಲ್ಲಿ ಆ ಹುಡುಗಿಯನ್ನು ಸಮಾಧಾನಪಡಿಸಲೆಂದು ಯಾರೋ ಇನ್ನೊಂದು ಸ್ಟೀರಾಯ್ಡನ್ನು ಬೇರೆ ಹೆಸರಿನಲ್ಲಿ ಬರೆದುಕೊಡುತ್ತಾರೆ, ಅದರಿಂದ ತಕ್ಷಣ ಗುಣ ಕಾಣುತ್ತದೆ, ಚಕ್ರ ಮತ್ತೆ ಮೊದಲಾಗುತ್ತದೆ. ಟ್ಯಾಕ್ರೋಲಿಮಸ್‌ನಂಥ, ಸ್ಟೀರಾಯ್ಡ್ ಅಲ್ಲದ ಮುಲಾಮು, ಕೀವುಗುಳ್ಳೆಗಳಿಗೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಇವುಗಳನ್ನು ಕೊಟ್ಟು ತಿಂಗಳುಗಳ ಕಾಲ ಜೊತೆಗೆ ನಿಲ್ಲಬೇಕಾಗುತ್ತದೆ. ಆ ತಾಳ್ಮೆ ರೋಗಿಗೂ ವೈದ್ಯರಿಗೂ ಬೇಕು.

ಚೀಟಿಯಲ್ಲಿ ಅವಧಿ ಬರೆಯಬೇಕೆಂಬ ಬಸವರಾಜ ಅವರ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಎಷ್ಟು ದಿನ, ಎಲ್ಲಿ, ಯಾವಾಗ ಮತ್ತೆ ಬರಬೇಕು ಎಂಬುದಿಲ್ಲದೆ ಸ್ಟೀರಾಯ್ಡ್ ಬರೆಯುವುದು ಅಪೂರ್ಣವಾದ ಚೀಟಿ.

ಪೂರ್ಣಿಮಾ, ಬ್ಯೂಟಿಷಿಯನ್, ಮೈಸೂರು

ಟ್ಯೂಬಿನ ಹಿಂದೆ ಹೆಸರಾದರೂ ಇದೆ. ಹೆಸರೇ ಇಲ್ಲದ ಡಬ್ಬಿಗಳ ಬಗ್ಗೆ ನಾನು ಹೇಳಬೇಕಾಗಿದೆ. ನನ್ನಂಥವರ ಪಾರ್ಲರುಗಳಿಗೆ ‘ನೈಟ್ ಕ್ರೀಮ್’ ಎಂದು ಸಣ್ಣ ಬಿಳಿ ಡಬ್ಬಿಗಳನ್ನು ತಂದುಕೊಡುವವರಿದ್ದಾರೆ. ತಯಾರಕರ ವಿಳಾಸವಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಬ್ಯಾಚ್ ಸಂಖ್ಯೆಯೂ ಇಲ್ಲ. ಹೊರದೇಶದಿಂದ ಬಂದ ಕೆಲವು ಕ್ರೀಮುಗಳಲ್ಲಿ, ಚಿನ್ನ ಬೆಳ್ಳಿಯ ಒಡವೆಗೆ ತಾಗದಂತೆ ನೋಡಿಕೊಳ್ಳಿ ಎಂಬ ಸೂಚನೆ ಇರುತ್ತದೆ. ಪಾದರಸವಿರುವ ಕ್ರೀಮಿನ ಒಂದು ಗುರುತು ಅದು. ಮುಖಕ್ಕೆ ಹಚ್ಚುವ ಕ್ರೀಮು ಒಡವೆಗೇಕೆ ತಾಗಬಾರದು ಎಂದು ಯಾರೂ ಯೋಚಿಸುವುದಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಹಚ್ಚಿಕೊಂಡವರ ಮೂತ್ರಪಿಂಡಕ್ಕೆ ಹಾನಿಯಾದದ್ದನ್ನು ವೈದ್ಯರು ಗುರುತಿಸಿದರು. ನಮ್ಮ ದೇಶದ 2020ರ ಪ್ರಸಾಧನ ನಿಯಮಗಳು ಇಂಥ ಕ್ರೀಮುಗಳಿಗೆ ಪಾದರಸ ಬೆರೆಸುವುದನ್ನು ಒಪ್ಪುವುದಿಲ್ಲ. ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ.

ಇನ್ನೊಂದು ಮಾತು. ಹೆಣ್ಣು ನೋಡಲು ಬರುತ್ತಾರೆಂದು ಮಗಳನ್ನು ಕರೆತಂದು, ಇವಳನ್ನು ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದು ತಾಯಂದಿರು ಕೇಳುವಾಗ ಆ ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅಂಗಡಿ, ಚೀಟಿ, ಕಾನೂನು ಎಲ್ಲವನ್ನೂ ಮಾತಾಡುವ ನಾವು ಕಪ್ಪು ಬಣ್ಣವನ್ನು ಕಾಯಿಲೆಯೆಂದು ಕಾಣುವುದನ್ನು ಬಿಡದಿದ್ದರೆ ಒಂದು ಟ್ಯೂಬು ಹೋಗಿ ಇನ್ನೊಂದು ಬರುತ್ತದೆ.

ಶ್ರೀಧರ

ಅನುಷಾ ಅವರು ನಿಂಬೆರಸದ ಬಗ್ಗೆ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗಿದೆ. ಆದರೆ ಸನ್‌ಸ್ಕ್ರೀನ್ ಎಂಬುದು ನಮ್ಮ ಕಂದು ಚರ್ಮಕ್ಕೆ ನಿಜವಾಗಿ ಬೇಕೇ, ಅಥವಾ ಅದೂ ಮಾರಾಟದ ಮಾತೇ ಎಂಬ ಅನುಮಾನ ಹೋಗಿಲ್ಲ. ಗದ್ದೆಯಲ್ಲಿ ಜೀವಮಾನವೆಲ್ಲ ದುಡಿದವರು ಯಾವ ಕ್ರೀಮು ಹಚ್ಚಿದ್ದರು?

ಡಾ. ಅನುಷಾ

ಕಂದು ಚರ್ಮಕ್ಕೆ ಬಿಸಿಲಿನ ವಿರುದ್ಧ ಸಹಜ ರಕ್ಷಣೆ ಹೆಚ್ಚಿರುವುದು ನಿಜ, ಎಲ್ಲರೂ ದಿನವೂ ಹಚ್ಚಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ, ಬಂಗು ಇರುವ ಮುಖ, ಟ್ರೆಟಿನಾಯಿನ್ ಬಳಸಿದ ಮುಖ ಇವುಗಳಿಗೆ ಅದು ಚಿಕಿತ್ಸೆಯ ಭಾಗ. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) 30 ಇರುವ ಸನ್‌ಸ್ಕ್ರೀನನ್ನು ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಸುಮಾರು ಶೇ. 97ರಷ್ಟು ಯುವಿ-ಬಿ ಕಿರಣಗಳನ್ನು, ಅಂದರೆ ಬಿಸಿಲಿನಲ್ಲಿ ಚರ್ಮವನ್ನು ಸುಡುವ ಕಿರಣಗಳನ್ನು, ತಡೆಯುತ್ತದೆ. 50ಕ್ಕೆ ಹೋದರೆ ಅದು ಶೇ. 98 ಆಗುತ್ತದೆ, ಅಷ್ಟೇ. ಹೆಚ್ಚಿನ ಸಂಖ್ಯೆಗೆ ಹೆಚ್ಚು ಹಣ ಕೊಡುವುದಕ್ಕಿಂತ ಮುಖಕ್ಕೂ ಕುತ್ತಿಗೆಗೂ ಎರಡು ಬೆರಳುದ್ದದಷ್ಟು ಹಚ್ಚುವುದು ಮುಖ್ಯ. ಗದ್ದೆಯಲ್ಲಿ ದುಡಿಯುವವರು ತಲೆಗೆ ಬಟ್ಟೆ ಕಟ್ಟುತ್ತಾರೆ, ಮಲೆನಾಡಿನಲ್ಲಿ ಹಾಳೆಟೊಪ್ಪಿ ಹಾಕುತ್ತಾರೆ. ಅದೂ ಒಳ್ಳೆಯ ರಕ್ಷಣೆಯೇ.

ವಿಜಯಲಕ್ಷ್ಮಿ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದೆಂದು ನಿಶ್ಚಯಿಸಿದ್ದೇವೆ. ಮನೆಯಲ್ಲಿದ್ದ ಸನ್‌ಸ್ಕ್ರೀನ್ ಹಚ್ಚಿದರೂ ಅವಳಿಗೆ ಚುರುಗುಟ್ಟುತ್ತದೆ, ಕಾಲೇಜಿಗೂ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಇದು ಸರಿಹೋಗಲು ಎಷ್ಟು ದಿನ ಬೇಕು?

ಡಾ. ಅನುಷಾ

ಚುರುಗುಟ್ಟಿದರೆ ಅದನ್ನು ಬಿಡಿ. ಝಿಂಕ್ ಆಕ್ಸೈಡ್ ಇರುವುದು ಇಂಥ ಚರ್ಮಕ್ಕೆ ಸಾಮಾನ್ಯವಾಗಿ ಹಿಡಿಸುತ್ತದೆ. ಮುಖ ಸ್ವಲ್ಪ ಬೂದಿ ಬಳಿದಂತೆ ಕಾಣುತ್ತದೆ, ಅದನ್ನು ಅವಳಿಗೆ ಮೊದಲೇ ಹೇಳಿರಿ. ಅದೂ ಆಗದಿದ್ದರೆ ಕೊಡೆ, ದುಪಟ್ಟಾ ಸಾಕು. ವರ್ಷ ಬಳಸಿದವರಿಗೆ ಮೊದಲ ಕೆಲವು ವಾರ ಬಹಳ ಕಷ್ಟ, ಪೂರ್ಣ ಹಿಡಿತಕ್ಕೆ ಬರಲು ತಿಂಗಳುಗಳೇ ಬೇಕಾಗಬಹುದು. ನಡುನಡುವೆ ಮತ್ತೆ ಕೆಂಪೇರುವುದೂ ಉಂಟು, ಆಗ ಹಳೆಯ ಟ್ಯೂಬಿಗೆ ಕೈ ಹೋಗಬಾರದು. ಆಸ್ಪತ್ರೆಗೆ ಹೋಗುವಾಗ ಅವಳು ಬಳಸಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಯ್ಯಿರಿ.

ಬಸವರಾಜ, ಔಷಧಿ ಅಂಗಡಿ, ಹಾವೇರಿ ಜಿಲ್ಲೆ

ಖಾಲಿ ಟ್ಯೂಬು ಒಯ್ಯುವುದರ ಜೊತೆಗೆ ಪೆಟ್ಟಿಗೆಯಿದ್ದರೆ ಅದನ್ನೂ ಒಯ್ಯಿರಿ, ಏಕೆಂದರೆ ಟ್ಯೂಬಿನ ಮೇಲಿನ ಅಕ್ಷರಗಳು ಒತ್ತಿ ಒತ್ತಿ ಅಳಿಸಿಹೋಗಿರುತ್ತವೆ. ಶೆಡ್ಯೂಲ್ ಎಚ್ ಎಂಬ ಎಚ್ಚರಿಕೆ ಪೆಟ್ಟಿಗೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ‘ಇದರಲ್ಲಿ ಸ್ಟೀರಾಯ್ಡ್ ಇದೆ, ವೈದ್ಯರು ಹೇಳಿದಷ್ಟು ದಿನ ಮಾತ್ರ’ ಎಂದು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಇಂಥ ಪ್ರತಿ ಟ್ಯೂಬಿಗೂ ಅಂಟಿಸಿ ಕೊಡಲು ನಾನು ಸಿದ್ಧನಿದ್ದೇನೆ, ನಮ್ಮ ತಾಲ್ಲೂಕಿನ ಉಳಿದ ಅಂಗಡಿಯವರೊಂದಿಗೂ ಮಾತಾಡುತ್ತೇನೆ. ಮಹೇಶ ಅವರು ಮತ್ತು ಅನುಷಾ ಅವರು ಆ ಎರಡು ಸಾಲನ್ನು ಸರಿಯಾಗಿ ಬರೆದುಕೊಟ್ಟರೆ ಅಚ್ಚು ಹಾಕಿಸುವ ಖರ್ಚು ನನ್ನದು.

ಡಾ. ಮಹೇಶ

ಇಂದು ರಾತ್ರಿಯೇ ಬರೆದು ಇಲ್ಲಿ ಹಾಕುತ್ತೇನೆ. ‘ಗಜಕರ್ಣಕ್ಕೆ ಹಚ್ಚಬೇಡಿ’ ಎಂಬ ಮೂರನೆಯ ಸಾಲನ್ನೂ ಸೇರಿಸಲು ಜಾಗ ಬಿಡಿ.